ಯುದ್ಧದ ನಡುವೆ ಆರೋಗ್ಯ, ಶಿಕ್ಷಣ, ಸಂಸ್ಕೃತಿಯ ಹಕ್ಕು: ಬಾಂಬಿಗಿಂತ ಮೊದಲು ಸಂಬಳ ನೋಡಿ

ವಿಜಯಪುರದಲ್ಲಿ ರಾಜ್ಯಶಾಸ್ತ್ರ ಎಂ.ಎ. ಓದುತ್ತಿದ್ದೀರಿ, ಸೆಮಿನಾರಿಗೆ ಯೆಮೆನ್ ಆರಿಸಿಕೊಂಡಿದ್ದೀರಿ. ಯುದ್ಧ ನಡೆದಿರುವಾಗ ಈ ಹಕ್ಕುಗಳಿಗೆ ಬೆಲೆ ಇದೆಯೇ, ಇದ್ದರೆ ಏನನ್ನು ದಾಖಲಿಸಬೇಕು ಎಂಬುದು ನಿಮ್ಮ ಪ್ರಶ್ನೆ.

ಬೆಲೆ ಇದೆ. ವಿಶ್ವಸಂಸ್ಥೆಯ ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಒಡಂಬಡಿಕೆಗೆ ಯೆಮೆನ್ 1987ರಲ್ಲೇ ಸೇರಿದೆ. ಅದರ 12ನೇ ವಿಧಿ ಆರೋಗ್ಯಕ್ಕೆ, 13 ಶಿಕ್ಷಣಕ್ಕೆ, 15 ಸಾಂಸ್ಕೃತಿಕ ಬದುಕಿಗೆ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 4ನೇ ವಿಧಿ ತುರ್ತು ಸ್ಥಿತಿಯಲ್ಲಿ ಕೆಲವು ಹಕ್ಕುಗಳನ್ನು ಬದಿಗಿಡಲು ಬಿಡುತ್ತದೆ. ಆರ್ಥಿಕ, ಸಾಮಾಜಿಕ ಹಕ್ಕುಗಳ ಒಡಂಬಡಿಕೆಯಲ್ಲಿ ಅಂಥ ವಿಧಿಯೇ ಇಲ್ಲ. ದುಡ್ಡಿಲ್ಲ ಎಂದು ಸರ್ಕಾರ ಕೈ ಚೆಲ್ಲುವಂತೆಯೂ ಇಲ್ಲ. ಪ್ರಾಥಮಿಕ ಚಿಕಿತ್ಸೆ, ಆಹಾರ, ಮೂಲ ಶಿಕ್ಷಣದಂಥ ಕನಿಷ್ಠ ಮಟ್ಟವನ್ನೂ ಕೊಡಲಾಗದಿದ್ದರೆ, ಇದ್ದ ಸಂಪನ್ಮೂಲವನ್ನೆಲ್ಲ ಅದಕ್ಕೇ ಬಳಸಿದ್ದೇನೆಂದು ತೋರಿಸುವ ಹೊಣೆ ಸರ್ಕಾರದ್ದು ಎಂದು ಒಡಂಬಡಿಕೆಯ ಸಮಿತಿ 1990ರಲ್ಲಿ ಸ್ಪಷ್ಟಪಡಿಸಿದೆ. ಕಾನೂನಿನ ಭಾಗ ಇಷ್ಟೇ ಸಾಕು. ವಿಧಿಗಳನ್ನು ಪುಟಗಟ್ಟಲೆ ಇಳಿಸಿದ ಪ್ರಬಂಧ ಯಾರಿಗೂ ಬೇಡ.

ನಿಜವಾದ ಕೆಲಸ ಆಮೇಲಿನದು. ಬಾಂಬ್ ಬಿದ್ದ ಆಸ್ಪತ್ರೆಯ ಫೋಟೊ ಎಲ್ಲರಿಗೂ ಸಿಗುತ್ತದೆ. ಆದರೆ ಹೆಚ್ಚಿನ ಹಕ್ಕುಗಳು ಸದ್ದಿಲ್ಲದೆ ಸಾಯುವುದು ಸಂಬಳ, ಡೀಸೆಲ್ ಮತ್ತು ಬಂದರಿನ ದಾರಿಯಲ್ಲಿ. 2016ರ ಸೆಪ್ಟೆಂಬರಿನಲ್ಲಿ ಕೇಂದ್ರ ಬ್ಯಾಂಕ್ ಹೂಥಿ ಬಂಡುಕೋರರ ಹಿಡಿತದಲ್ಲಿದ್ದ ರಾಜಧಾನಿ ಸನಾದಿಂದ, ಅವರೊಡನೆ ಯುದ್ಧದಲ್ಲಿದ್ದ ಸರ್ಕಾರದ ಹಿಡಿತದ ಏಡನ್‌ಗೆ ಹೋಯಿತು. ಸರ್ಕಾರಿ ನೌಕರರಲ್ಲಿ ಬಹುಪಾಲು ಜನರ ಸಂಬಳ ನಿಂತಿತು. ನರ್ಸು, ಮೇಷ್ಟ್ರು, ಕಸ ಎತ್ತುವವರು ಎಲ್ಲರದ್ದೂ. 2017ರಲ್ಲಿ ಸನಾದ ಪೌರಕಾರ್ಮಿಕರು ಮುಷ್ಕರ ಹೂಡಿದರು, ಬೀದಿಯಲ್ಲಿ ಕಸ ಕೊಳೆಯಿತು. ಅದೇ ವರ್ಷದ ಕೊನೆಗೆ ಕಾಲರಾ ಶಂಕಿತರ ಸಂಖ್ಯೆ 10 ಲಕ್ಷ ಮುಟ್ಟಿತು. ನವೆಂಬರಿನಲ್ಲಿ ಸರ್ಕಾರದ ಪರವಾಗಿದ್ದ ಸೌದಿ ನೇತೃತ್ವದ ಒಕ್ಕೂಟ ಬಂದರು ಮುಚ್ಚಿ ಇಂಧನ ಮುಗಿದಾಗ ಹೊದೈದಾ, ಸಾದಾ, ತಾಇಜ್ ನಗರಗಳ ಶುದ್ಧ ನೀರಿನ ಪೂರೈಕೆ ನಿಂತಿದ್ದನ್ನು ರೆಡ್‌ಕ್ರಾಸ್ ಹೇಳಿದೆ.

ಇಲ್ಲಿ ಒಂದು ಯಾಂತ್ರಿಕ ಸಂಗತಿ ಬಿಟ್ಟುಹೋಗಬಾರದು. ಪಂಪ್ ನಿಂತರೆ ನೀರು ಬರುವುದಿಲ್ಲ ಎಂಬಷ್ಟಕ್ಕೆ ಮುಗಿಯದು. ಪೈಪಿನೊಳಗಿನ ಒತ್ತಡ ಇಳಿದಾಗ ಬಿರುಕುಗಳಿಂದ ಚರಂಡಿ ನೀರು ಒಳಗೆ ಜಿನುಗುತ್ತದೆ. ಮತ್ತೆ ಪಂಪ್ ಶುರುವಾದಾಗ ಅದೇ ಮನೆಗಳಿಗೆ ಹೋಗುತ್ತದೆ. ಟ್ಯಾಂಕರ್ ನೀರಾದರೂ ಕೊಡುವ ಜಾಗದಲ್ಲಿ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಉಳಿಕೆ ಕ್ಲೋರಿನ್ (ನೀರು ಶುದ್ಧವಾದ ಮೇಲೂ ಉಳಿಯುವ ಕ್ಲೋರಿನ್) ಇರಬೇಕು. ಟ್ಯಾಂಕರ್ ಎಣಿಸಿದ ವರದಿಗಳು ಸಾಕಷ್ಟಿವೆ, ಕ್ಲೋರಿನ್ ಅಳೆದವು ಕಡಿಮೆ. ಅಳೆದದ್ದನ್ನೇ ಹುಡುಕಿ.

ಚಿಕಿತ್ಸೆಯ ಲೆಕ್ಕವೂ ಹೀಗೇ. ಕಾಲರಾದಿಂದ ತೀವ್ರವಾಗಿ ನಿರ್ಜಲಗೊಂಡ 50 ಕೆ.ಜಿ. ತೂಕದ ರೋಗಿಗೆ ಮೂರು ಗಂಟೆಯಲ್ಲಿ 5 ಲೀಟರ್ ರಿಂಗರ್ ಲ್ಯಾಕ್ಟೇಟ್ (ರಕ್ತನಾಳಕ್ಕೆ ಡ್ರಿಪ್ ಹಾಕುವ ಲವಣದ ದ್ರಾವಣ) ಹೋಗಬೇಕು, ಅದರಲ್ಲಿ ಒಂದೂವರೆ ಲೀಟರ್ ಮೊದಲ ಅರ್ಧ ಗಂಟೆಯಲ್ಲೇ. ಅಂದರೆ ಒಬ್ಬರಿಗೇ ಅರ್ಧ ಲೀಟರಿನ 10 ಬಾಟಲಿ. ಒಂದು ಲಾರಿ ತಡವಾದರೆ ಏನಾಗುತ್ತದೆಂದು ನೀವೇ ಗುಣಿಸಿ ನೋಡಬಹುದು. ಇದನ್ನು ಪ್ರಬಂಧದಲ್ಲಿ ಹಾಕಿ. 12ನೇ ವಿಧಿ ಆಗ ಓದುವವರಿಗೆ ತಟ್ಟುತ್ತದೆ.

ಶಾಲೆಗಳ ವಿಷಯದಲ್ಲಿ ಕೆಡವಿದ ಕಟ್ಟಡ, ಸೈನಿಕರು ಅಥವಾ ನಿರಾಶ್ರಿತರು ಬಂದು ಉಳಿದುಕೊಂಡ ಕಟ್ಟಡ, ಮೇಷ್ಟ್ರಿಲ್ಲದೆ ಮುಚ್ಚಿದ ಶಾಲೆ, ಈ ಮೂರನ್ನೂ ಒಂದೇ ಅಂಕಿಯಲ್ಲಿ ಬೆರೆಸಬೇಡಿ. ಮೂರಕ್ಕೂ ಪರಿಹಾರ ಬೇರೆ. ಮೂರನೆಯದಕ್ಕೆ ಸಿಮೆಂಟು ಬೇಕಿಲ್ಲ, ಸಂಬಳ ಬೇಕು. 2019ರಲ್ಲಿ ಯುನಿಸೆಫ್ ಶಿಕ್ಷಕರಿಗೆ ತಿಂಗಳಿಗೆ 50 ಡಾಲರಿನಷ್ಟು ಪ್ರೋತ್ಸಾಹಧನ ಕೊಡಲು ಶುರುಮಾಡಿದ್ದು ಇದೇ ಕಾರಣಕ್ಕೆ.

ಸಂಸ್ಕೃತಿ ಎಂದರೆ ಬರೀ ಸ್ಮಾರಕ ಅಂದುಕೊಳ್ಳಬೇಡಿ. ಸನಾದ ಹಳೇ ಪಟ್ಟಣ ಮತ್ತು ಶಿಬಾಮ್ ಪಟ್ಟಣ 2015ರಲ್ಲಿ ಯುನೆಸ್ಕೊದ ಅಪಾಯದಲ್ಲಿರುವ ವಿಶ್ವ ಪರಂಪರೆಯ ತಾಣಗಳ ಪಟ್ಟಿ ಸೇರಿದವು. ಅಲ್ಲಿ ಜನ ವಾಸವಿರುವ ಮಣ್ಣಿನ, ಇಟ್ಟಿಗೆಯ ಮನೆಗಳಿವೆ. ನಮ್ಮ ಕಡೆ ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಮಣ್ಣು ಹಾಕದಿದ್ದರೆ ಏನಾಗುತ್ತದೋ ಅದೇ ಅಲ್ಲೂ: ದುರಸ್ತಿಗೆ ದುಡ್ಡಿಲ್ಲದ ಎಷ್ಟೋ ಮನೆಗಳು 2020ರ ಆಗಸ್ಟಿನ ಮಳೆಗೆ ಕುಸಿದವು. ಅದಕ್ಕೇ ಸ್ಥಳೀಯ ಯುವಕರಿಗೆ ಕೂಲಿ ಕೊಟ್ಟು ಅವರ ಕೈಯಲ್ಲೇ ದುರಸ್ತಿ ಮಾಡಿಸುವ ಯೋಜನೆ ನನಗೆ ಯುದ್ಧದಲ್ಲಿ ಮುಟ್ಟಬಾರದ ಸಾಂಸ್ಕೃತಿಕ ತಾಣವೆಂದು ಸೂಚಿಸುವ ನೀಲಿ ಗುರಾಣಿಯ ಫಲಕಕ್ಕಿಂತ ಹೆಚ್ಚು ಕೆಲಸದ್ದೆನಿಸುತ್ತದೆ. ಫಲಕ ಬಾಂಬು ಹಾಕುವವನಿಗೆ ಹೇಳುತ್ತದೆ, ಮಳೆಗೆ ಹೇಳುವುದಿಲ್ಲ.

ದಾಖಲಿಸಲು ಒಂದು ಎಕ್ಸೆಲ್ ಹಾಳೆ ಸಾಕು: ದಿನಾಂಕ, ಜಿಲ್ಲೆ, ಏನು ನಿಂತಿತು, ಏಕೆ ನಿಂತಿತು, ಎಷ್ಟು ದಿನ, ಮೂಲ. ಎರಡು ಕಡೆ ಎಡವುತ್ತಾರೆ. ‘ಶಂಕಿತ’ ಪ್ರಕರಣಗಳನ್ನು ‘ದೃಢಪಟ್ಟ’ ಎಂದು ಬರೆದುಬಿಡುತ್ತಾರೆ. ಆ 10 ಲಕ್ಷದಲ್ಲಿ ಲ್ಯಾಬ್ ಪರೀಕ್ಷೆ ಆದದ್ದು ಸಣ್ಣ ಪಾಲು ಮಾತ್ರ. ಇನ್ನೊಂದು, ವಿಶ್ವ ಆರೋಗ್ಯ ಸಂಸ್ಥೆಯ 2016ರ ‘ಶೇ. 45 ಆಸ್ಪತ್ರೆ, ಆರೋಗ್ಯ ಕೇಂದ್ರಗಳು ಪೂರ್ತಿ ಕೆಲಸ ಮಾಡುತ್ತಿವೆ’ ಎಂಬ ಅಂಕಿಯನ್ನು ಇಡೀ ದೇಶಕ್ಕೆ, ಎಲ್ಲ ವರ್ಷಕ್ಕೆ ಹಚ್ಚುತ್ತಾರೆ. ಅದು ಸಮೀಕ್ಷೆ ನಡೆದ 16 ಪ್ರಾಂತ್ಯಗಳದ್ದು.

ಕೊನೆಯ ಕಾಲಮ್ಮಿಗೆ ‘ಹೊಣೆ’ ಎಂದು ಹೆಸರಿಡಿ. ಸನಾದಲ್ಲಿ ಹೂಥಿಗಳ ಆಡಳಿತ, ಏಡನ್‌ನಲ್ಲಿ ಮಾನ್ಯತೆ ಪಡೆದ ಸರ್ಕಾರ, ಬಂದರು ಮುಚ್ಚಿದ್ದು ಸೌದಿ ನೇತೃತ್ವದ ಒಕ್ಕೂಟ. ಪ್ರತಿ ಸಾಲಿಗೂ ಇವರಲ್ಲಿ ಯಾರು ಎಂದು ಬರೆಯಿರಿ. ಕೆಲವು ಸಾಲಿಗೆ ಇಬ್ಬರ ಹೆಸರೂ ಬೀಳುತ್ತದೆ, ಬೀಳಲಿ.