ಬ್ರಿಸ್ಬೇನಿನಲ್ಲಿ ಯಾವ ದಡ? ನೆಲ್ಲಿಹುದಿಕೇರಿಯ ತಂಗಿಗೆ ಉತ್ತರ

ಪ್ರೀತಿಯ ತಂಗಿ,

ನೇಥನ್‌ನಲ್ಲಿರುವ ಗ್ರಿಫಿತ್ ಯೂನಿವರ್ಸಿಟಿಗೆ ನರ್ಸಿಂಗ್ ಓದಲು ಬರುತ್ತಿದ್ದೀಯ ಅಂತ ತಿಳಿದು ತುಂಬಾ ಖುಷಿಯಾಯಿತು. ನೀನು ಕೇಳಿದ್ದು ಎರಡು. ಬ್ರಿಸ್ಬೇನಿನಲ್ಲಿ ನದಿಯ ಯಾವ ಕಡೆ ಮನೆ ಹುಡುಕಲಿ? ಆ ಕಡೆಯವರಿಗೂ ಈ ಕಡೆಯವರಿಗೂ ಪೈಪೋಟಿ ಅಂತೆ, ಹೊಸಬರಿಗೆ ಅದರಿಂದ ತೊಂದರೆಯಾ?

ಮನೆಯ ಮಾತು ಬೇಗ ಮುಗಿಯುತ್ತದೆ. ದಕ್ಷಿಣದಲ್ಲೇ ಮಾಡು. ನಿನ್ನ ಕಾಲೇಜು ಇರುವುದು ಅಲ್ಲಿ. ಬಸ್ಸುಗಳಿಗೆಂದೇ ಬೇರೆ ರಸ್ತೆ ಇದೆ, ಬಸ್‌ವೇ ಅನ್ನುತ್ತಾರೆ. ಸಿಟಿಯಿಂದ ಹೊರಟು ಗ್ರಿಫಿತ್ ಹತ್ತಿರವೇ ನಿಂತು ಏಟ್ ಮೈಲ್ ಪ್ಲೇನ್ಸ್ ಕಡೆ ಹೋಗುತ್ತದೆ. ನಾನಿರುವ ಉತ್ತರ ದಡದಲ್ಲಿ ಅಷ್ಟು ಉದ್ದದ ಬಸ್‌ವೇ ಇಲ್ಲ. 2024ರ ಆಗಸ್ಟ್‌ನಿಂದ ಬಸ್ಸು, ರೈಲು, ದೋಣಿ ಎಲ್ಲಕ್ಕೂ ಒಂದು ಸಲದ ಟಿಕೆಟ್ 50 ಸೆಂಟ್. ವಿಮಾನ ನಿಲ್ದಾಣದ ರೈಲು ಮಾತ್ರ ಆ ಲೆಕ್ಕಕ್ಕೆ ಬರುವುದಿಲ್ಲ. ಅಡ್ವಾನ್ಸ್ ಸಾಮಾನ್ಯವಾಗಿ ನಾಲ್ಕು ವಾರದ ಬಾಡಿಗೆ. ಚರ್ಮ್‌ಸೈಡ್‌ನಲ್ಲಿ ಮನೆ ಮಾಡಿಕೊಂಡಿರುವ ಉತ್ತರದವಳು ನಾನು. ದಕ್ಷಿಣಕ್ಕೆ ಹೋಗು ಅನ್ನಲು ನನಗೆ ಸುಲಭವಲ್ಲ. ಆದರೂ ನಿನಗೆ ಅದೇ ಸರಿ.

ಎರಡನೆಯ ಪ್ರಶ್ನೆಗೆ ಮಾತ್ರ ಕೂತು ಬರೆಯಬೇಕು ಅನ್ನಿಸಿತು.

ನಾನು ಕೊಡಗಿನ ಸಿದ್ದಾಪುರದವಳು. ನಮ್ಮಿಬ್ಬರ ಊರಿನ ನಡುವೆ ಇರುವುದು ಕಾವೇರಿ, ಒಂದು ಸೇತುವೆ. ತಾಲ್ಲೂಕು ಬೇರೆ ಬೇರೆ. ನಾನು ಚಿಕ್ಕವಳಿದ್ದಾಗ ಎರಡು ಊರಿನ ಹುಡುಗರಿಗೆ ಫುಟ್‌ಬಾಲ್ ಪಂದ್ಯ ಇದ್ದರೆ ಅಂದು ಬೇರೆ ಮಾತೇ ಇರುತ್ತಿರಲಿಲ್ಲ. ಗೆದ್ದವರು ಸೇತುವೆ ಮೇಲೆ ಕೂಗುತ್ತಾ ಬರುತ್ತಿದ್ದರು. ಮಾರನೇ ದಿನ ಎಲ್ಲರೂ ಅದೇ ಬಸ್ಸಿಗೆ ಕಾಯುತ್ತಿದ್ದರು, ಅದೇ ತೋಟಗಳಿಗೆ ಕೆಲಸಕ್ಕೆ ಹೋಗುತ್ತಿದ್ದರು. ಇಲ್ಲಿಯ ಪೈಪೋಟಿಯೂ ಇಂಥದ್ದೇ.

ಕೆಲಸಕ್ಕೋ ಕ್ಲಾಸಿಗೋ ಸೇರಿದ ಕೂಡಲೇ ನಿನ್ನನ್ನು ಕೇಳುತ್ತಾರೆ, ನಾರ್ತ್‌ಸೈಡಾ, ಸೌತ್‌ಸೈಡಾ ಅಂತ. ನದಿ ದಾಟಲು ಪಾಸ್‌ಪೋರ್ಟ್ ಬೇಕು ಅನ್ನುವುದು ಇಲ್ಲಿಯ ಹಳೆಯ ತಮಾಷೆ. ಒಂದು ದಡದಲ್ಲಿ ಬೆಳೆದವರು ಮನೆ ಕೊಳ್ಳುವಾಗಲೂ ಆ ದಡವನ್ನೇ ನೋಡುವುದು ಜಾಸ್ತಿ. ರಜೆ ಬಂತೆಂದರೆ ಉತ್ತರದವರ ಕಾರು ಸನ್‌ಶೈನ್ ಕೋಸ್ಟ್ ಕಡೆ, ದಕ್ಷಿಣದವರದು ಗೋಲ್ಡ್ ಕೋಸ್ಟ್ ಕಡೆ. ನಕ್ಷೆ ನೋಡಿ ತಲೆ ಕೆಡಿಸಿಕೊಳ್ಳಬೇಡ. ನದಿ ಅಷ್ಟು ಸುತ್ತಿ ಸುತ್ತಿ ಹರಿಯುತ್ತದೆ. ವೆಸ್ಟ್ ಎಂಡ್ ಬಡಾವಣೆ ದಕ್ಷಿಣ ದಡದ್ದು. ಸೇಂಟ್ ಲೂಸಿಯಾ ನಕ್ಷೆಯಲ್ಲಿ ಅದಕ್ಕಿಂತ ಕೆಳಗೆ ಕಾಣುತ್ತದೆ, ಆದರೆ ಸೇರುವುದು ಸಿಟಿ ಇರುವ ಉತ್ತರ ದಡಕ್ಕೆ.

ಇದು ಸುಮ್ನೆ ಹುಟ್ಟಿದ ಮಾತಲ್ಲ. ಸೌತ್ ಬ್ರಿಸ್ಬೇನ್ 1888ರಿಂದ ಬೇರೆಯೇ ಪುರಸಭೆಯಾಗಿತ್ತು. 1903ರಲ್ಲಿ ಅದು ತಾನೇ ಒಂದು ನಗರ ಅನ್ನಿಸಿಕೊಂಡಿತು. ಎರಡೂ ದಡ ಒಂದೇ ಆಡಳಿತಕ್ಕೆ ಬಂದದ್ದು 1925ರಲ್ಲಿ. ಆ ಕಾಲದ ಟೌನ್ ಹಾಲ್ ವಲ್ಚರ್ ಸ್ಟ್ರೀಟಿನಲ್ಲಿ ಈಗಲೂ ನಿಂತಿದೆ. ದಕ್ಷಿಣದವಳಾದ ಮೇಲೆ ಅದನ್ನೊಮ್ಮೆ ನೋಡಿ ಬಾ.

ಈಗ ಬಿಸಿ ಇರುವುದು ಸ್ಟೇಡಿಯಂ ವಿಷಯ. ಗಾಬಾ ನಿನಗೆ ಗೊತ್ತಲ್ವಾ? 2021ರ ಜನವರಿ 19ರಂದು ರಿಷಭ್ ಪಂತ್ ಔಟಾಗದೆ 89 ಹೊಡೆದು ಗೆಲ್ಲಿಸಿದ ಮೈದಾನ. ಆಸ್ಟ್ರೇಲಿಯಾ 1988ರ ನಂತರ ಅಲ್ಲಿ ಒಂದು ಟೆಸ್ಟನ್ನೂ ಸೋತಿರಲಿಲ್ಲ. ಅದು ಇರುವುದು ದಕ್ಷಿಣದ ವುಲ್ಲೂನ್‌ಗಾಬಾದಲ್ಲಿ. 2032ರ ಒಲಿಂಪಿಕ್ಸ್‌ಗೆ ಹೊಸ ಸ್ಟೇಡಿಯಂ ವಿಕ್ಟೋರಿಯಾ ಪಾರ್ಕಿನಲ್ಲಿ, ಅಂದರೆ ನಮ್ಮ ಉತ್ತರದಲ್ಲಿ, ಕಟ್ಟುತ್ತೇವೆ ಎಂದು ಸರ್ಕಾರ 2025ರ ಮಾರ್ಚ್‌ನಲ್ಲಿ ಹೇಳಿತು. ಕ್ರೀಡಾಕೂಟ ಮುಗಿದ ಮೇಲೆ ಗಾಬಾವನ್ನು ಕೆಡವುತ್ತಾರಂತೆ. ನನ್ನ ಜೊತೆ ಕೆಲಸ ಮಾಡುವ ದಕ್ಷಿಣದವರಿಗೆ ಇದು ನಿಜವಾದ ನೋವು. ಅಜ್ಜನ ಜೊತೆ, ಅಪ್ಪನ ಜೊತೆ ಅಲ್ಲಿ ಕ್ರಿಕೆಟ್ ನೋಡಿ ಬೆಳೆದವರು ಅವರು. ಈ ವಿಷಯದಲ್ಲಿ ನಾನು ಅವರ ಪರ.

ಹೊಸಬರಿಗೆ ತೊಂದರೆಯಾ ಅಂದೆಯಲ್ಲ. ನನಗೆ ಇದರಿಂದ ಒಳ್ಳೆಯದೇ ಆಯಿತು. ಬಂದ ಹೊಸದರಲ್ಲಿ ಎಲ್ಲರೂ ಕೇಳುತ್ತಿದ್ದುದು ನೀನು ಎಲ್ಲಿಯವಳು ಅಂತ. ಪ್ರೀತಿಯಿಂದಲೇ ಕೇಳುತ್ತಿದ್ದರು. ಆದರೆ ಕೊಡಗು ಎಲ್ಲಿದೆ, ಬೆಂಗಳೂರಿನಿಂದ ಎಷ್ಟು ದೂರ ಅಂತ ಹೇಳಿ ಮುಗಿಸುವ ಹೊತ್ತಿಗೆ ನಾನು ಹೊರಗಿನವಳು ಅನ್ನುವುದು ಇನ್ನೂ ಗಟ್ಟಿಯಾಗುತ್ತಿತ್ತು. ಯಾವ ಕಡೆ ಅಂತ ಕೇಳಿದಾಗ ಹಾಗಾಗಲಿಲ್ಲ. ನಾರ್ತ್‌ಸೈಡ್ ಅಂದೆ. ಅರ್ಧ ಜನ ಚಪ್ಪಾಳೆ ಹೊಡೆದರು, ಅರ್ಧ ಜನ ಅಯ್ಯೋ ಅಂದರು. ಅಂದಿನಿಂದ ಅವರ ವಾದದಲ್ಲಿ ನನಗೂ ಒಂದು ಪಾಲು ಸಿಕ್ಕಿತು. ಅದಕ್ಕೇ ಹೇಳುವುದು, ಎರಡೂ ಚೆನ್ನಾಗಿದೆ ಅಂತ ನಡುವೆ ನಿಲ್ಲಬೇಡ. ಒಂದು ಕಡೆ ಹಿಡಿ, ಜೋರಾಗಿ ವಾದಿಸು.

ಊರಿನ ನಾಲ್ಕಾರು ಮನೆಯವರು ಸೇರಿ ಇಲ್ಲಿ ಸುಗ್ಗಿಯ ಹುತ್ತರಿ ಹಬ್ಬ ಮಾಡುತ್ತೇವೆ. ನಮ್ಮಲ್ಲೂ ಇದೇ ಜಗಳ, ಈ ವರ್ಷ ಯಾವ ದಡದಲ್ಲಿ ಅಂತ! ಅಕ್ಕಿ ತರಿಯ ಕಡಂಬುಟ್ಟು ಯಾವ ಕಡೆ ಮೆತ್ತಗಾಗುತ್ತದೆ ಅನ್ನುವುದೂ ಇನ್ನೂ ತೀರ್ಮಾನವಾಗಿಲ್ಲ. ಕಾವೇರಿಯ ಉತ್ತರ ದಡದವಳು ನೀನು ಇಲ್ಲಿ ದಕ್ಷಿಣಕ್ಕೆ ಸೇರುತ್ತೀಯ, ನಾನು ಉಲ್ಟಾ. ದಕ್ಷಿಣದವರ ಕಡೆಗೆ ಒಂದು ಬಲ ಬಂತು.

ಒಂದು ಎಚ್ಚರಿಕೆ. ಕೆಲವರು ಈ ಪೈಪೋಟಿಯ ಹೆಸರಿನಲ್ಲಿ ಬಡವರು, ವಲಸೆ ಬಂದವರು ಜಾಸ್ತಿ ಇರುವ ಬಡಾವಣೆಗಳನ್ನು ಹೀಯಾಳಿಸುತ್ತಾರೆ. ಅಂಥ ಮಾತಿಗೆ ನಗಬೇಡ. ಅಂಥ ಬೀದಿಗಳಿಂದ ಬಂದವರ ಜೊತೆಗೇ ನಾಳೆ ನೀನು ವಾರ್ಡಿನಲ್ಲಿ ಕೆಲಸ ಮಾಡುತ್ತೀಯ.

ನೀರಿನ ವಿಷಯವನ್ನೂ ಹೇಳಿಬಿಡುತ್ತೇನೆ. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿದಾಗ ನಮ್ಮ ಊರ ಪಕ್ಕದ ಕರಡಿಗೋಡಿಗೂ ನೀರು ಬಂತು, ನಿಮ್ಮ ಊರಿನ ಹೊಳೆಬದಿಯ ಮನೆಗಳಿಗೂ ಬಂತು. ಇಲ್ಲಿಯ ನದಿಯೂ ದಡ ನೋಡುವುದಿಲ್ಲ. 1893ರಲ್ಲಿ ವಿಕ್ಟೋರಿಯಾ ಸೇತುವೆಯ ಒಂದು ಭಾಗವನ್ನೇ ಕೊಚ್ಚಿಕೊಂಡು ಹೋಗಿತ್ತು. 1974, 2011, 2022ರಲ್ಲೂ ಊರೊಳಗೆ ನುಗ್ಗಿತು. 2011ರಲ್ಲಿ ನೀರು ಇಳಿದ ಮೇಲೆ ಸಾವಿರಾರು ಜನ ಸಲಿಕೆ, ಪೊರಕೆ ಹಿಡಿದು ಗುರುತಿಲ್ಲದವರ ಮನೆಯ ಕೆಸರು ಬಳಿದರು. ಮಡ್ ಆರ್ಮಿ ಅಂತ ಅವರನ್ನು ಇಂದಿಗೂ ನೆನೆಯುತ್ತಾರೆ.

ನಮ್ಮಲ್ಲಿ ಭಯ ಜುಲೈ, ಆಗಸ್ಟ್‌ನಲ್ಲಿ. ಇಲ್ಲಿ ಜನವರಿ, ಫೆಬ್ರವರಿಯಲ್ಲಿ, ಬೇಸಿಗೆಯ ಮಳೆಗೆ. ಬಾಡಿಗೆ ಕಡಿಮೆ ಅಂತ ಯಾವ ಮನೆಗೂ ಅವಸರದಲ್ಲಿ ಸಹಿ ಹಾಕಬೇಡ. ಸಿಟಿ ಕೌನ್ಸಿಲ್‌ನ ಪ್ರವಾಹದ ನಕ್ಷೆಯಲ್ಲಿ ವಿಳಾಸ ಹಾಕಿದರೆ ಆ ಜಾಗಕ್ಕೆ ನೀರು ಬರುವ ಅಪಾಯ ಎಷ್ಟು ಅಂತ ತೋರಿಸುತ್ತದೆ, ದುಡ್ಡಿಲ್ಲ. ನೋಡಿಟ್ಟ ಮನೆಗಳ ವಿಳಾಸ ಕಳಿಸು, ಇಬ್ಬರೂ ಸೇರಿ ನೋಡೋಣ.