‘ಆಯ್ತು ಮಿಸ್’ ಅನ್ನುವ ಕ್ಲಾಸನ್ನು ನಂಬುವುದು ಹೇಗೆ?

ಪ್ರಶ್ನೆ: ನಾನು ಟೀಚರ್ ಆಗಿ ಇದು ಎರಡನೇ ವರ್ಷ. ನಾಲ್ಕನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ಪಾಠ ಮುಗಿಸಿ ‘ಅರ್ಥ ಆಯ್ತಾ?’ ಅಂತ ಕೇಳಿದರೆ ಇಡೀ ಕ್ಲಾಸು ‘ಆಯ್ತು ಮಿಸ್’ ಅನ್ನುತ್ತದೆ. ಪರೀಕ್ಷೆಯಲ್ಲಿ ನೋಡಿದರೆ ಅರ್ಧಕ್ಕರ್ಧ ಮಕ್ಕಳಿಗೆ ಬಂದೇ ಇರುವುದಿಲ್ಲ. ಇದು ಮೊದಲೇ ಗೊತ್ತಾಗುವುದು ಹೇಗೆ ಮೇಡಂ? 40 ಮಕ್ಕಳು, 40 ನಿಮಿಷ.

ಉತ್ತರ: ನಿಮ್ಮ ಪತ್ರ ಓದಿ ನಕ್ಕುಬಿಟ್ಟೆ. ಬೇಜಾರಾಗಬೇಡಿ, ನಕ್ಕಿದ್ದು ನನ್ನನ್ನೇ ನೆನೆದು. 31 ವರ್ಷ ಪಾಠ ಮಾಡಿದವಳು ನಾನು. ಮೊದಲ ಏಳೆಂಟು ವರ್ಷ ಆ ‘ಆಯ್ತು ಮಿಸ್’ ಅನ್ನು ನಂಬಿಕೊಂಡೇ ಮನೆಗೆ ಹೋಗುತ್ತಿದ್ದೆ.

ಮಕ್ಕಳು ಸುಳ್ಳು ಹೇಳುವುದಿಲ್ಲ. ಎಲ್ಲರೆದುರು ‘ಇಲ್ಲ’ ಅನ್ನಲು ನಾಚಿಕೆ ಅನ್ನುವುದೊಂದಿದೆ, ಸರಿ. ಆದರೆ ತಪ್ಪಾಗಿ ತಿಳಿದುಕೊಂಡ ಮಗುವಿಗೂ ತನಗೆ ತಿಳಿದಿದೆ ಅಂತಲೇ ಅನ್ನಿಸಿರುತ್ತದೆ. ಅದು ‘ಆಯ್ತು’ ಅನ್ನದೆ ಇನ್ನೇನು ಅನ್ನಬೇಕು?

ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಕಳೆಯುವ ಲೆಕ್ಕ ಹತ್ತು ಕೊಟ್ಟಿದ್ದೆ. ನಾಲ್ಕು ಸರಿ, ಆರು ತಪ್ಪು. ಕೆಂಪು ಪೆನ್ನಲ್ಲಿ ಆರು ಇಂಟು ಹಾಕಿ, ‘ಗಮನವಿಲ್ಲ, ಅಭ್ಯಾಸ ಮಾಡು’ ಅಂತ ಬರೆದೆ. ಅದೇ ತರಹದ್ದು ಇನ್ನೂ ಹತ್ತು ಮನೆಗೆ ಕೊಟ್ಟೆ. ಪಾಪ, ಹತ್ತನ್ನೂ ಮಾಡಿಕೊಂಡು ಬಂದ. ಹತ್ತೂ ತಪ್ಪು! ಆಗ ಸಿಟ್ಟು ನುಂಗಿಕೊಂಡು ಅವನ ಪುಸ್ತಕವನ್ನು ಸರಿಯಾಗಿ ನೋಡಿದೆ. 52ರಲ್ಲಿ 27 ಹೋದರೆ 35. 81ರಲ್ಲಿ 46 ಹೋದರೆ 45. 60ರಲ್ಲಿ 38 ಹೋದರೆ 38. ‘ಇದನ್ನ ಹೇಗೆ ಮಾಡಿದೆ, ಹೇಳಪ್ಪ’ ಅಂದೆ. ‘ಎರಡರಲ್ಲಿ ಏಳು ಹೋಗಲ್ಲ ಮಿಸ್. ಅದಕ್ಕೇ ಏಳರಲ್ಲಿ ಎರಡು ಕಳೆದೆ. ದೊಡ್ಡದ್ರಲ್ಲಿ ಚಿಕ್ಕದನ್ನೇ ಕಳೀಬೇಕು ಅಂತ ನೀವೇ ಹೇಳಿದ್ರಲ್ಲ.’

ಹೇಳಿದ್ದೆ. ಒಂದಂಕಿಯ ಲೆಕ್ಕ ಕಲಿಸುವಾಗ ನೂರು ಸಲ ಹೇಳಿದ್ದೆ. ಹುಡುಗನಿಗೆ ಗಮನವಿಲ್ಲ ಅಂತೇನಲ್ಲ, ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದ. ಸರಿಯಾಗಿದ್ದ ಆ ನಾಲ್ಕು ಲೆಕ್ಕವೂ ಪಕ್ಕದಿಂದ ಹತ್ತು ತರುವ ಕೆಲಸವೇ ಇಲ್ಲದಂಥವು. ಹತ್ತಕ್ಕೆ ನಾಲ್ಕು ಅನ್ನುವ ಅಂಕ ಇದರಲ್ಲಿ ಒಂದನ್ನೂ ನನಗೆ ಹೇಳಿರಲಿಲ್ಲ.

ಅದಕ್ಕೇ ನಿಮಗೆ ಹೇಳುವುದು, ಪ್ರಶ್ನೆ ಜಾಸ್ತಿ ಬೇಡ, ಒಂದೇ ಸಾಕು. ಆದರೆ ತಪ್ಪು ಯೋಚನೆ ಇದ್ದರೆ ಅದು ಉತ್ತರದಲ್ಲಿ ಕಾಣುವಂಥ ಪ್ರಶ್ನೆ ಇರಬೇಕು. ಮೇಲಿನ ತರಗತಿಯ ದಶಮಾಂಶವನ್ನೇ ತಗೊಳ್ಳಿ. 0.35, 0.2 – ಯಾವುದು ದೊಡ್ಡದು ಅಂತ ಕೇಳಿದರೆ ಎಲ್ಲರದ್ದೂ ಸರಿ ಬರುತ್ತದೆ. 35 ದೊಡ್ಡದು, 2 ಚಿಕ್ಕದು ಅಂದುಕೊಂಡವರದ್ದೂ ಸರಿಯೇ! 0.35, 0.4 ಅಂತ ಕೇಳಿ ನೋಡಿ. ಆಗ ಸಿಕ್ಕಿಬೀಳುತ್ತಾರೆ. ಇಂಥ ಪ್ರಶ್ನೆ ಕ್ಲಾಸಿನಲ್ಲಿ ನಿಂತ ನಿಲುವಲ್ಲಿ ಹೊಳೆಯುವುದಿಲ್ಲ, ಹಿಂದಿನ ದಿನವೇ ಯೋಚಿಸಿಕೊಳ್ಳಬೇಕು.

ಕೊನೆಯ ಐದು ನಿಮಿಷದಲ್ಲಿ ಅಂಥದ್ದೊಂದು ಲೆಕ್ಕ ಕೊಟ್ಟು, ಚೀಟಿಯಲ್ಲಿ ಬರೆಸಿಕೊಳ್ಳಿ. ಅಂಕ ಹಾಕಬೇಡಿ. ಸುಮ್ನೆ ಮೂರು ಗುಡ್ಡೆ ಮಾಡಿ: ಬಂದವರು, ಏನೂ ಬರೆಯದವರು, ತಪ್ಪಾದರೂ ಏನೋ ಯೋಚನೆ ಮಾಡಿದವರು. 40 ಚೀಟಿಗೆ ಹತ್ತು ನಿಮಿಷ ಹಿಡಿಯಬಹುದು. ಮಾರನೇ ದಿನದ ಪಾಠವನ್ನು ಆ ಮೂರನೇ ಗುಡ್ಡೆಯಿಂದಲೇ ಶುರುಮಾಡಿ. ಚೀಟಿ ರಗಳೆ ಅನ್ನಿಸಿದರೆ ಸ್ಲೇಟು ಇದೆಯಲ್ಲ. ಎಲ್ಲರೂ ಬರೆದು ಒಟ್ಟಿಗೇ ಎತ್ತಿ ಹಿಡಿಯಲಿ. ಕೈ ಎತ್ತಿಸಿದರೆ ಅದೇ ಐದು ಮಕ್ಕಳ ಕೈ ಮೇಲೇಳುವುದು ನಿಮಗೂ ಗೊತ್ತು.

ಇನ್ನೊಂದು, ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಸುಮ್ಮನಿರಿ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅನ್ನುವವರು 1970ರ ದಶಕದಲ್ಲಿ ಇದನ್ನು ಅಳೆದು ನೋಡಿದ್ದರು. ಟೀಚರುಗಳು ಉತ್ತರಕ್ಕೆ ಕಾಯುತ್ತಿದ್ದುದು ಸುಮಾರು ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡು ಮಾಡಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನೆ ಕೂರುವವರು ಕಡಿಮೆಯಾದರು. ನಾನೂ ಮಾಡಿ ನೋಡಿದೆ. ಕ್ಲಾಸಿನಲ್ಲಿ ಮೂರು ಸೆಕೆಂಡು ಅಂದರೆ ಒಂದು ಯುಗ! ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬೆರಳು ಎಣಿಸುತ್ತಿದ್ದೆ.

ಪ್ರಶ್ನೆ: ನಾನು ಹೈಸ್ಕೂಲಿನ ವಿಜ್ಞಾನ ಶಿಕ್ಷಕ. ಉತ್ತರ ಪತ್ರಿಕೆಯಲ್ಲಿ ಅಂಕದ ಜೊತೆ ಎಲ್ಲಿ ತಪ್ಪಾಗಿದೆ ಅಂತ ಬರೆದುಕೊಡುತ್ತೇನೆ. ಒಬ್ಬರೂ ಓದುವುದಿಲ್ಲ. ನನ್ನ ಶ್ರಮ ದಂಡವೇ?

ಉತ್ತರ: ಜೊತೆಗೆ ಕೊಟ್ಟರೆ ಹೆಚ್ಚುಕಡಿಮೆ ದಂಡವೇ. 1988ರಲ್ಲಿ ಇಸ್ರೇಲಿನ ಸಂಶೋಧಕಿ ರೂತ್ ಬಟ್ಲರ್ ಕೆಲವು ಮಕ್ಕಳಿಗೆ ಬರೀ ಅಂಕ, ಕೆಲವರಿಗೆ ಬರೀ ಟಿಪ್ಪಣಿ, ಇನ್ನು ಕೆಲವರಿಗೆ ಎರಡನ್ನೂ ಕೊಟ್ಟು ನೋಡಿದರು. ಸುಧಾರಿಸಿದ್ದು ಬರೀ ಟಿಪ್ಪಣಿ ಸಿಕ್ಕವರು. ಎರಡೂ ಸಿಕ್ಕವರ ಸ್ಥಿತಿ ಬರೀ ಅಂಕ ಸಿಕ್ಕವರಂತೆಯೇ ಆಯಿತು. ಅಂಕ ಕಂಡ ಕೂಡಲೇ ಹುಡುಗರು ಮಾಡುವುದೇನು? ‘ನಿಂಗೆಷ್ಟು?’ ಅಂತ ಪಕ್ಕದವನ ಪೇಪರಿಗೆ ಇಣುಕುತ್ತಾರೆ. ಅಲ್ಲಿಗೆ ಮುಗಿಯಿತು.

ಟಿಪ್ಪಣಿಯನ್ನು ಮೊದಲು ಕೊಡಿ, ಅಂಕವನ್ನು ಎರಡು ದಿನ ಬಿಟ್ಟು. ‘ಗುಡ್’, ‘ಇನ್ನೂ ಚೆನ್ನಾಗಿ ಬರೆ’ ಅನ್ನುವುದೆಲ್ಲ ಟಿಪ್ಪಣಿಯಲ್ಲ, ಅಲ್ವಾ? ‘ಗಿಡ ರಾತ್ರಿ ಮಾತ್ರ ಉಸಿರಾಡುತ್ತೆ ಅಂತ ಬರೆದಿದ್ದೀಯ. ಹಾಗಾದರೆ ಹಗಲಿಡೀ ಉಸಿರು ಕಟ್ಟಿಕೊಂಡಿರುತ್ತಾ?’ ಅಂತ ಬರೆದು, ಕೆಳಗೆ ಎರಡು ಗೆರೆ ಎಳೆದು ಖಾಲಿ ಬಿಡಿ. ತುಂಬಿಸಿಕೊಂಡು ಬಂದವರಿಗೆ ಅಂಕ ಹೇಳಿ. ಅಂಕ ಬೇಕೇ ಬೇಕು ಅನ್ನುವ ಹೆಡ್‌ಮಾಸ್ಟರ್ ಇದ್ದರೆ ನಿಮ್ಮ ರಿಜಿಸ್ಟರಿನಲ್ಲಿ ಬರೆದಿಟ್ಟುಕೊಳ್ಳಿ, ಪೇಪರಿನ ಮೇಲೆ ಬೇಡ.