ಪಿಸುಮಾತಿನ ವಿಡಿಯೋ ಕೇಳಿದ್ರ ಮೊದಲಿನಂಗ ತಲಿ ಜುಂ ಅನ್ನವಲ್ದು ಅಂದ್ರಲ್ಲ, ಅದಕ್ಕ

ದಿನಾ ರಾತ್ರಿ ಅದ ಪಿಸುಮಾತಿನ ಎಎಸ್‌ಎಂಆರ್ ವಿಡಿಯೋ (ಸಣ್ಣ ಸಪ್ಪಳ ಕೇಳಿಸಿ ತಲಿ ಜುಂ ಅನಿಸೂ ವಿಡಿಯೋ) ಕೇಳಿ ಕೇಳಿ ತಲಿಗೆ ರೂಢಿ ಆಗಿರ್ಬೇಕ್ರಿ, ಅದಕ್ಕ ನೆತ್ತಿಯಿಂದ ಬೆನ್ನಿಗೆ ಇಳಿಯೋ ಜುಂ ಈಗ ಬರವಲ್ದು. ಮೊದಲ ಎರಡು ವಾರ ಪೂರಾ ಬಂದ್ ಮಾಡ್ರಿ, ನಡುವ ಒಂದ್ಸಲ ನೋಡೂಣು ಅನ್ನಬ್ಯಾಡ್ರಿ. ಆಮ್ಯಾಲೆ ಹೆಡ್‌ಫೋನ್ ಹಾಕ್ಕೊಂಡು ಸೌಂಡ್ ಕಮ್ಮಿ ಇಟ್ಟು ಬ್ಯಾರೆ ಸಪ್ಪಳ ಹಚ್ರಿ, ವಾರಕ್ಕ ಎರಡ ಸಲ ಸಾಕು. ನನಗ ತಿರುಗಿ ಬಂದದ್ದು ವಿಡಿಯೋದಾಗ ಅಲ್ಲ, ಇಳಕಲ್ಲಿನ ಸೀರಿ ಅಂಗಡ್ಯಾಗ ಅಂಗಡಿಯವರು ಹೊಸ ಸೀರಿ ಬಿಚ್ಚಿ ತೋರಿಸಿ ಸಾವಕಾಶ ಮಡಚೂವಾಗ ಸರ್ ಸರ್ ಅಂತಿತ್ತಲ್ಲ, ಅದಕ್ಕ, ನಾ ಸುಮ್ನ ಇನ್ನೊಂದು ತಗೀರಿ ಅನ್ನಕೋತ ಕುಂತಿದ್ದೆ. ಎಲ್ಲಾರಿಗೂ ಎರಡ ವಾರಕ್ಕ ಬರ್ತೈತಿ ಅಂತ ಹೇಳಾಕ ಆಗಂಗಿಲ್ಲ, ಬರ್ಲಿಲ್ಲಂದ್ರ ಇನ್ನೆರಡು ವಾರ ಬಿಡ್ರಿ. ಕೈಕಾಲು ಜೋಮು ಹಿಡದಂಗ ಆಗ್ತಿದ್ರ ಮಾತ್ರ ಅದು ಬ್ಯಾರೆ, ಡಾಕ್ಟರ್‌ಗೆ ತೋರಿಸ್ರಿ.